ತಲೆಗೆ ಪೆಟ್ಟಾದವರಿಗೆ ರಿಹ್ಯಾಬ್ ಬೆಡ್: ಯಾರನ್ನು ತಗೊಳ್ತಾರೆ, ಯಾರನ್ನು ವಾಪಸ್ ಕಳಿಸ್ತಾರೆ, ಯಾಕೆ?

ಫಿಸಿಯೋ_ಮಂಡ್ಯ
ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ಮೈಸೂರಲ್ಲೋ ಬೆಂಗಳೂರಲ್ಲೋ ಆಪರೇಷನ್ ಮುಗಿಸಿಕೊಂಡು ಮದ್ದೂರು, ಪಾಂಡವಪುರ, ಕೆ.ಆರ್.ಪೇಟೆ ಕಡೆಗೆ ವಾಪಸಾಗುವ ಪೇಷಂಟುಗಳ ಬಗ್ಗೆ ಈ ಪ್ರಶ್ನೆ. ಒಬ್ಬರಿಗೆ ಐಸಿಯು ಮುಗಿದ ಮೇಲೆ ರಿಹ್ಯಾಬ್ (ಪುನಶ್ಚೇತನ) ವಾರ್ಡಲ್ಲಿ ಅಡ್ಮಿಷನ್ ಸಿಗುತ್ತೆ. ಹೆಚ್ಚುಕಮ್ಮಿ ಅದೇ ಥರ ಸ್ಕ್ಯಾನ್ ಇರೋ ಇನ್ನೊಬ್ಬರಿಗೆ ‘ಮನೇಲೇ ಫಿಸಿಯೋ ಮಾಡಿಸಿ’ ಅಂತ ಒಂದು ಸಾಲು ಬರೆದು ಕಳಿಸ್ತಾರೆ. ಕಡೆಯವರು ‘ದುಡ್ಡಿದ್ದೋರಿಗೆ ಬೆಡ್ಡು’ ಅಂದ್ಕೋತಾರೆ. ಅದೂ ಸ್ವಲ್ಪ ನಿಜ ಇರಬಹುದು, ಆದರೆ ಅಷ್ಟೇ ಅಲ್ಲ. ಅಳತೆ ಏನು? ಗೊತ್ತಿರೋರು ಸ್ಕೋರ್, ಕಾರಣ ಸಮೇತ ಬರೀರಿ. ‘ಎಲ್ಲಾ ಡಾಕ್ಟ್ರ ಕೈಲಿದೆ’ ಅನ್ನೋ ಉತ್ತರ ಬೇಡ.

ಪಿಎಂಆರ್_ಮೈಸೂರು
ಮೊದಲು ಸ್ಕ್ಯಾನ್ ಪಕ್ಕಕ್ಕಿಡಿ. ಸಿಟಿ ನೋಡಿ ಸರ್ಜರಿ ಬೇಕೋ ಬೇಡವೋ ತೀರ್ಮಾನಿಸಬಹುದು. ರಿಹ್ಯಾಬಿಗೆ ಯಾರು ಅನ್ನೋದನ್ನ ತೀರ್ಮಾನಿಸೋಕಾಗಲ್ಲ. ಎಚ್ಚರದ ಮಟ್ಟ ಅಳೆಯೋ ಜಿಸಿಎಸ್ ಸ್ಕೋರ್ ಕೂಡ ಹಾಗೇ. 13ರಿಂದ 15 ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 3ರಿಂದ 8 ತೀವ್ರ ಅಂತ ವಿಂಗಡಿಸೋದು ಪೆಟ್ಟಾದ ಹೊಸತರಲ್ಲಿ. ಒಂದು ತಿಂಗಳಾದ ಮೇಲೂ ‘ಅಡ್ಮಿಷನ್ ಜಿಸಿಎಸ್ 6’ ಅಂತಷ್ಟೇ ಬರೆದ ಚೀಟಿ ಬಂದರೆ ನಮಗೆ ಉಪಯೋಗ ಕಮ್ಮಿ.

ರಿಹ್ಯಾಬ್ ಟೀಮು ಕೇಳಿಕೊಳ್ಳೋದು ಬೇರೆ. ಈ ವ್ಯಕ್ತಿಗೆ ಮುಂದಿನ ನಾಲ್ಕಾರು ವಾರದಲ್ಲಿ ಆಗಬೇಕಾದ ಬದಲಾವಣೆ ಯಾವುದು? ಅದಕ್ಕೆ ಆಸ್ಪತ್ರೆಯ ಬೆಡ್ಡೇ ಬೇಕಾ, ಅಥವಾ ವಾರಕ್ಕೆ ಮೂರು ಸಲ ಓಪಿಡಿಗೆ ಬಂದರೆ ಸಾಕಾ? ಬೆಡ್ ಬೇಕು ಅನ್ನೋಕೆ ಎರಡು ಕಾರಣ ಇರಬೇಕು. ಒಂದು, ಎರಡಕ್ಕಿಂತ ಹೆಚ್ಚು ಥೆರಪಿ ಒಟ್ಟಿಗೆ ಬೇಕಾಗಿರಬೇಕು: ಫಿಸಿಯೋ ಜೊತೆಗೆ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳ ತರಬೇತಿ), ನುಂಗೋದು, ಮಾತು, ನೆನಪು, ವರ್ತನೆ ಇಂಥವು. ಎರಡು, ದಿನದ 24 ಗಂಟೆ ನರ್ಸಿಂಗ್ ಮತ್ತು ವೈದ್ಯರ ನಿಗಾ ಬೇಕಾಗಿರಬೇಕು. ಬರೀ ಒಂದು ಕಾಲು ಸೋತಿದೆ, ಉಳಿದದ್ದೆಲ್ಲ ಸರಿ ಅಂದರೆ ಅವರಿಗೆ ಬೆಡ್ ಕೊಡೋದು ಬೆಡ್ಡಿಗೂ ನಷ್ಟ, ಅವರಿಗೂ ನಷ್ಟ.

ಆಮೇಲೆ ತಡ್ಕೊಳ್ಳೋ ಶಕ್ತಿ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ದಿನಕ್ಕೆ 3 ಗಂಟೆ, ವಾರಕ್ಕೆ 5 ದಿನ ಥೆರಪಿ ತಡ್ಕೊಳ್ಳೋ ನಿರೀಕ್ಷೆ ಇರಬೇಕು ಅನ್ನೋ ನಿಯಮ ಇದೆ. ಅದನ್ನ 7 ದಿನದಲ್ಲಿ 15 ಗಂಟೆ ಅಂತ ಹೊಂದಿಸಿಕೊಳ್ಳಲೂ ಬಹುದು. ಅದು ಅಲ್ಲಿನ ವಿಮೆಯ ಲೆಕ್ಕ. ಇಲ್ಲಿ ಯಾರಾದರೂ ಅದನ್ನೇ ಹಿಡ್ಕೊಂಡು ‘ಮೂರು ಗಂಟೆ ಆಗಲ್ಲ, ಆದ್ದರಿಂದ ಬೇಡ’ ಅಂದರೆ ಒಪ್ಪಬೇಡಿ. ಅರ್ಧರ್ಧ ಗಂಟೆಯ ನಾಲ್ಕು ತುಂಡು ತಡ್ಕೊಂಡರೂ ಶುರು ಮಾಡೋಕೆ ಸಾಕು. ನೋಡಬೇಕಾದ್ದು ವೀಲ್‌ಚೇರಲ್ಲಿ ಅರ್ಧ ಗಂಟೆ ಕೂತರೆ ಬಿಪಿ 20ಕ್ಕಿಂತ ಹೆಚ್ಚು ಇಳಿಯುತ್ತಾ, ಬೆವರಿ ಬಿಳುಚಿಕೊಳ್ತಾರಾ ಅನ್ನೋದು.

ಫಿಸಿಯೋ_ಮಂಡ್ಯ
ಸರ್, ಹಾಗಾದರೆ ಪೆಟ್ಟಿನ ತೀವ್ರತೆ ಲೆಕ್ಕಕ್ಕೇ ಬರಲ್ವಾ?

ಪಿಎಂಆರ್_ಮೈಸೂರು
ಬರುತ್ತೆ, ಆದರೆ ಜಿಸಿಎಸ್‌ಗಿಂತ ‘ಪೆಟ್ಟಾದ ಮೇಲಿನ ಮರೆವು’ ಎಷ್ಟು ದಿನ ಇತ್ತು ಅನ್ನೋದು ಹೆಚ್ಚು ಹೇಳುತ್ತೆ. ಎಚ್ಚರ ಇದೆ, ಮಾತಾಡ್ತಾರೆ, ಆದರೆ ಬೆಳಗ್ಗೆ ತಿಂದದ್ದು ಮಧ್ಯಾಹ್ನ ನೆನಪಿಲ್ಲ, ಆಸ್ಪತ್ರೆಯನ್ನ ಮನೆ ಅಂದ್ಕೊಂಡಿದಾರೆ: ಈ ಸ್ಥಿತಿ. ಒಂದು ದಿನಕ್ಕಿಂತ ಹೆಚ್ಚಾದರೆ ತೀವ್ರ, ಒಂದು ವಾರ ದಾಟಿದರೆ ಅತಿ ತೀವ್ರ. ಅಳೆಯೋಕೆ ಗಾಲ್ವೆಸ್ಟನ್ ಪರೀಕ್ಷೆ ಇದೆ, 100ಕ್ಕೆ. ಎರಡು ದಿನ ಒಂದಾದ ಮೇಲೊಂದು 76 ಅಥವಾ ಮೇಲೆ ಬಂದರೆ ಮರೆವು ಮುಗೀತು ಅಂತ ಲೆಕ್ಕ. ವೆಸ್ಟ್‌ಮೀಡ್ ಅನ್ನೋ ಇನ್ನೊಂದು ಪರೀಕ್ಷೆ ಆದರೆ 12ಕ್ಕೆ 12, ಸತತ ಮೂರು ದಿನ.

ಇಲ್ಲಿ ಒಂದು ಎಡವಟ್ಟು ಆಗುತ್ತೆ. ನಾಗಮಂಗಲದ ಎಪ್ಪತ್ತು ವರ್ಷದ ರೈತರಿಗೆ ಇಂಗ್ಲಿಷ್ ತಾರೀಕು ಕೇಳಿ, ಗೊತ್ತಿಲ್ಲ ಅಂದ ತಕ್ಷಣ ಸೊನ್ನೆ ಹಾಕ್ತಾರೆ. ಪೆಟ್ಟಾಗೋಕೆ ಮುಂಚೆ ಅವರಿಗೆ ತಾರೀಕಿನ ಲೆಕ್ಕ ಇತ್ತಾ ಅಂತ ಮಗನ್ನ ಕೇಳಿ. ಸಂತೆ ಯಾವ ವಾರ, ಈಗ ನಾಟಿನೋ ಕಟಾವೋ, ಹೋದ ಹಬ್ಬ ಯಾವುದು ಅಂತ ಪಕ್ಕದಲ್ಲೇ ಕೇಳಿ ಬರೆದಿಡಿ. ಸ್ಕೋರ್ ಇದ್ದ ಹಾಗೇ ಇರಲಿ, ಟಿಪ್ಪಣಿ ಜೊತೆಗಿರಲಿ.

ವಾರ್ಡ್_ಸಿಸ್ಟರ್
ಟೀಮು ಓಕೆ ಅಂದ ಮೇಲೂ ವಾರ್ಡಿನ ಬಾಗಿಲಲ್ಲಿ ನಿಲ್ಲಿಸೋರು ನಾವು, ಬೈಸ್ಕೊಳ್ಳೋರೂ ನಾವೇ. ಆದ್ದರಿಂದ ನಮ್ಮ ಕಡೆ ನೋಡೋದನ್ನೂ ಬರೀತೀನಿ.

ಜ್ವರ: ಕಡೇಪಕ್ಷ 48 ಗಂಟೆ ಜ್ವರ ಇರಬಾರದು, ಇದ್ದರೂ ಕಾರಣ ಗೊತ್ತಿರಬೇಕು. ತಲೆಪೆಟ್ಟಿನೋರಲ್ಲಿ ಸೋಂಕಿಲ್ಲದೆಯೂ ಮೈ ಕಾದು, ನಾಡಿ 130 ಹೋಗಿ, ಬೆವರು ಸುರಿದು, ಕೈಕಾಲು ಸೆಟೆದುಕೊಳ್ಳೋ ದಾಳಿ ಬರುತ್ತೆ. ಐಸಿಯು ಕಡೆ ‘ಸ್ಟಾರ್ಮಿಂಗ್’ ಅಂತಾರೆ. ಅದಕ್ಕೆ ಪ್ರೊಪ್ರನಲಾಲ್ ಇತ್ಯಾದಿ ಶುರುವಾಗಿ ದಾಳಿ ಕಮ್ಮಿ ಆಗ್ತಿದ್ದರೆ ತಗೋಬಹುದು. ದಿನಾ ಆಂಟಿಬಯೋಟಿಕ್ ಬದಲಾಯಿಸ್ತಾ ಇದ್ದರೆ ಬೇಡ.

ಕತ್ತಿನ ಟ್ಯೂಬು: ಟ್ರಕಿಯಾಸ್ಟಮಿ ಇದೆ ಅನ್ನೋದೇ ನಿರಾಕರಣೆಗೆ ಕಾರಣ ಅಲ್ಲ. ವೆಂಟಿಲೇಟರ್ ಬಿಟ್ಟಿರಬೇಕು, ಆಕ್ಸಿಜನ್ ಇಲ್ಲದೆ ಅಥವಾ ಸ್ವಲ್ಪದರಲ್ಲಿ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ನಿಲ್ಲಬೇಕು. ನಾಲ್ಕು ಗಂಟೆಗೊಮ್ಮೆ ಸಕ್ಷನ್ (ಕಫ ಎಳೆದು ತೆಗೆಯೋದು) ಸಾಕಾದರೆ ವಾರ್ಡ್ ನಿಭಾಯಿಸುತ್ತೆ. ಗಂಟೆಗೆ ಎರಡು ಸಲ ಬೇಕು ಅಂದರೆ ಥೆರಪಿ ಅರ್ಧಕ್ಕೆ ನಿಂತೇ ನಿಲ್ಲುತ್ತೆ. ಕಫದ ಬಣ್ಣ, ಗಟ್ಟಿತನ, ಟ್ಯೂಬಿನ ಸೈಜು, ಕೊನೇ ಸಲ ಬದಲಾಯಿಸಿದ ದಿನ ಚೀಟೀಲಿ ಬರೀರಿ. ಬಹಳ ಸಲ ಸೈಜೇ ಬರೆದಿರಲ್ಲ, ಟ್ಯೂಬು ಕಟ್ಟಿಕೊಂಡ ರಾತ್ರಿ ಹುಡುಕಾಟ.

ಬೆಡ್ ಸೋರ್: ಸೊಂಟದ ಹಿಂದೆ ಮೂರು, ನಾಲ್ಕನೇ ದರ್ಜೆಯ ಹುಣ್ಣಿದ್ದರೆ ಕೂರಿಸೋಕಾಗಲ್ಲ. ಕೂರಿಸದೆ ರಿಹ್ಯಾಬ್ ಏನು ಮಾಡೋದು? ಮೊದಲು ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಕೆಳಗೆ ಬರೀ ಗಾಳಿ ಇರೋ ಹಾಗೆ ಮೀನಖಂಡಕ್ಕೆ ದಿಂಬು ಕೊಟ್ಟರೆ ಇದು ಬರೋದೇ ಅಪರೂಪ. ಏರ್ ಬೆಡ್ ಹಾಕಿದೀವಿ ಅಂತ ತಿರುಗಿಸೋದು ಬಿಟ್ಟುಬಿಡ್ತಾರೆ, ಅದೇ ತಪ್ಪು.

ಇನ್ನೊಂದು, ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ ಥರದ ಬ್ಯಾಕ್ಟೀರಿಯಾ ಕಲ್ಚರಲ್ಲಿ ಬಂದಿದ್ದರೆ ಮುಚ್ಚಿಡಬೇಡಿ. ಬಹಳ ಕಡೆ ಬೆಡ್ ತಪ್ಪಲ್ಲ, ಪ್ರತ್ಯೇಕ ರೂಮು ಖಾಲಿ ಆಗೋವರೆಗೆ ತಡ ಆಗುತ್ತೆ ಅಷ್ಟೇ.

ನ್ಯೂರೋ_ಪಿಜಿ
ಸ್ಥಿರತೆ ವಿಷಯಕ್ಕೆ ಎರಡು ಮಾತು. ರಕ್ತದ ಸೋಡಿಯಂ ನೋಡದೆ ಯಾರನ್ನೂ ‘ಮಂಕು’ ಅನ್ನಬೇಡಿ. ತಲೆಪೆಟ್ಟಾದ ಮೇಲೆ 125ಕ್ಕೆ ಇಳಿದು ಮಲಗಿಬಿಟ್ಟವರು, ಸರಿಪಡಿಸಿದ ಮೇಲೆ ಕಣ್ಣು ಬಿಟ್ಟು ಹೇಳಿದ್ದು ಕೇಳ್ತಾರೆ. ಎರಡನೇದು, ಫಿಟ್ಸ್ ಬರದೇ ಇದ್ದರೂ ಫಿಟ್ಸಿನ ಔಷಧ ಫೆನಿಟಾಯಿನ್ ತಿಂಗಳುಗಟ್ಟಲೆ ನಡೀತಿರುತ್ತೆ. ಮುನ್ನೆಚ್ಚರಿಕೆಗೆ ಅಂತ ಕೊಡೋದು ಮೊದಲ 7 ದಿನದ ಫಿಟ್ಸ್ ತಡೆಯೋಕೆ. ಆಮೇಲೆ ಬರಬಹುದಾದ್ದನ್ನ ಅದು ತಡೆಯಲ್ಲ, ಮಂಪರು ಮಾತ್ರ ಉಳಿಯುತ್ತೆ. ಹಾಗಂತ ಮನೆಯವರು ತಾವಾಗೇ ನಿಲ್ಲಿಸಬಾರದು, ನ್ಯೂರೋದವರನ್ನ ಕೇಳಿ ಇಳಿಸಬೇಕು.

ಕಾವೇರಿ_ದಂಡೆ
ಕಣ್ಣು ಬಿಟ್ಟಿದಾರೆ, ಆದರೆ ಹೇಳಿದ್ದು ಮಾಡಲ್ಲ. ಇಂಥವರಿಗೆ ಬೆಡ್ ಸಿಗೋದೇ ಇಲ್ವಾ?

ಪಿಎಂಆರ್_ಮೈಸೂರು
ಜಾಸ್ತಿ ಅನ್ಯಾಯ ಆಗೋದು ಇವರಿಗೇ. ರೌಂಡ್ಸಲ್ಲಿ ಬೆಡ್ಡಿನ ಕಾಲ ಹತ್ತಿರ ನಿಂತು ‘ಕೈ ಎತ್ತಿ’ ಅಂತ ಒಂದು ಸಲ ಕೂಗಿ, ಎತ್ತಲಿಲ್ಲ ಅಂತ ‘ವೆಜಿಟೇಟಿವ್’ (ಕಣ್ಣು ಬಿಟ್ಟರೂ ಪ್ರಜ್ಞೆ ಇಲ್ಲ) ಅಂತ ಬರೀತಾರೆ. ಅಳತೆಗೋಲಿಲ್ಲದೆ ಹೀಗೆ ಬರೆದವರಲ್ಲಿ ಹತ್ತಿರಹತ್ತಿರ ನೂರಕ್ಕೆ ನಲವತ್ತು ಜನರಿಗೆ ಅಲ್ಪ ಪ್ರಜ್ಞೆ ಇತ್ತು ಅಂತ 2009ರಲ್ಲೇ ಯುರೋಪಿನ ಅಧ್ಯಯನದಲ್ಲಿ ಬಂದಿದೆ. ಬಳಸಬೇಕಾದ್ದು ಪ್ರಜ್ಞೆ ಅಳೆಯೋ ಸಿಆರ್‌ಎಸ್-ಆರ್ ಮಾಪನ, 23 ಅಂಕದ್ದು. ಕೇಳೋದು, ನೋಡೋದು, ಚಲನೆ, ಬಾಯಿ ಮತ್ತು ಮಾತು, ಸಂವಹನ, ಎಚ್ಚರ ಅಂತ ಆರು ಭಾಗ. ಒಂದೇ ಸಲ ಮಾಡಿದರೆ ಸಾಲದು. ಎರಡು ವಾರದೊಳಗೆ ಐದು ಸಲವಾದರೂ, ಬೇರೆ ಬೇರೆ ಹೊತ್ತಲ್ಲಿ, ಕೂರಿಸಿ ಮಾಡಬೇಕು. ನಿದ್ದೆ ಔಷಧ ಕೊಟ್ಟ ಮೇಲೆ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಕಣ್ಣು ಹಿಂಬಾಲಿಸುತ್ತಾ ನೋಡೋಕೆ ಟಾರ್ಚ್ ಬೇಡ, ಕೈಗನ್ನಡಿ ತಗೊಳ್ಳಿ. ತನ್ನ ಮುಖ ಕಂಡಾಗ ಕಣ್ಣು ಜರುಗುವಷ್ಟು ಬೇರೆ ಯಾವುದಕ್ಕೂ ಜರುಗಲ್ಲ. ಒಂದು ಆಜ್ಞೆ ಕೊಟ್ಟು 10 ಸೆಕೆಂಡ್ ಕಾಯಿರಿ, ನಾಲ್ಕು ಸಲ ಕೊಡಿ. ಮೂರು ಸಲ ಮಾಡಿದರೆ ಅದು ಪ್ರಜ್ಞೆ. ಮನೆಯವರು ‘ನನ್ನ ಕೈ ಒತ್ತಿದರು’ ಅಂದರೆ ನಗಬೇಡಿ. ಕೈ ಹಿಡಿದಾಗ ತಾನಾಗೇ ಮುಚ್ಚಿಕೊಳ್ಳೋ ಪ್ರತಿವರ್ತನೆಯೂ ಇರುತ್ತೆ ನಿಜ, ಅದಕ್ಕೇ ‘ಕೈ ಬಿಡಿ’ ಅಂತ ಹೇಳಿ ನೋಡಬೇಕು.

ಅಲ್ಪ ಪ್ರಜ್ಞೆ ಸಿಕ್ಕರೆ ಬೆಡ್ಡಿಗೆ ಅರ್ಹರು ಅಂತಲೇ ನನ್ನ ಅಭಿಪ್ರಾಯ. ಅಮಾಂಟಡಿನ್ ಅನ್ನೋ ಔಷಧ 4 ವಾರ ಕೊಟ್ಟಾಗ ಚೇತರಿಕೆ ಚುರುಕಾಗುತ್ತೆ ಅಂತ 2012ರಲ್ಲಿ 184 ಜನರ ಮೇಲಿನ ಪ್ರಯೋಗದಲ್ಲಿ ಬಂತು. ಪೆಟ್ಟಾಗಿ 4ರಿಂದ 16 ವಾರದೊಳಗಿನ ಜನ ಅವರು. ಔಷಧ ನಿಲ್ಲಿಸಿದ ಮೇಲೆ ವೇಗ ತಗ್ಗಿತು ಅನ್ನೋದನ್ನೂ ಸೇರಿಸಿ ಓದಿ. ಫಿಟ್ಸ್ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ನೋಡಿಕೊಂಡು ಕೊಡಬೇಕು.

ಒಂದು ವ್ಯತ್ಯಾಸ: ಗಾಡಿಯಿಂದ ಬಿದ್ದ ಪೆಟ್ಟಿಗೂ, ಹೃದಯ ನಿಂತು ಅಥವಾ ನೇಣಿನಿಂದ ಆಕ್ಸಿಜನ್ ಇಲ್ಲದೆ ಆದ ಹಾನಿಗೂ ದಾರಿ ಬೇರೆ. ಪೆಟ್ಟಿನವರಿಗೆ ವರ್ಷದವರೆಗೂ ಬಾಗಿಲು ತೆರೆದೇ ಇರುತ್ತೆ. ಆಕ್ಸಿಜನ್ ಕೊರತೆಯವರಲ್ಲಿ ಮೂರು ತಿಂಗಳಾದ ಮೇಲೆ ಪ್ರಜ್ಞೆ ಬರೋದು ಕಮ್ಮಿ. 2018ರ ಅಮೆರಿಕದ ಮಾರ್ಗಸೂಚಿ ‘ಶಾಶ್ವತ’ ಅನ್ನೋ ಹಣೆಪಟ್ಟಿಯನ್ನೇ ಕೈಬಿಟ್ಟಿದೆ ಅನ್ನೋದೂ ನೆನಪಿರಲಿ.

ವಾಕ್_ಥೆರಪಿ
ಸಂವಹನದ ಬಗ್ಗೆ ಸೇರಿಸ್ತೀನಿ. ‘ಮಾತಾಡಲ್ಲ’ ಅನ್ನೋ ಒಂದೇ ಪದದಲ್ಲಿ ಮೂರ್ನಾಲ್ಕು ಬೇರೆ ಕಾಯಿಲೆ ಅಡಗಿರುತ್ತೆ. ಭಾಷೆಯೇ ಹೋಗಿರಬಹುದು, ನಾಲಿಗೆ ತುಟಿ ಸೋತಿರಬಹುದು, ಕತ್ತಿನ ಟ್ಯೂಬಿನಿಂದ ಗಾಳಿ ಗಂಟಲಿಗೆ ಬರದೇ ಇರಬಹುದು, ಮಾತು ಶುರು ಮಾಡೋ ಪ್ರೇರಣೆಯೇ ಇಲ್ಲದಿರಬಹುದು. ಬೆಡ್ ಆಯ್ಕೆಗೆ ಮಾತು ಬೇಕಿಲ್ಲ. ಹೌದು ಅಲ್ಲ ಅನ್ನೋದು ನಂಬಿಕೆಗೆ ಅರ್ಹವಾಗಿದ್ದರೆ ಸಾಕು. ‘ನಾನೀಗ ಚಪ್ಪಾಳೆ ತಟ್ತಿದೀನಾ?’ ಅಂತ ತಟ್ಟಿಯೂ ಕೇಳಿ, ತಟ್ಟದೆಯೂ ಕೇಳಿ. ಆರಕ್ಕೆ ಆರು ಸರಿ ಬಂದರೆ ಆ ವ್ಯಕ್ತಿ ಅಲ್ಪ ಪ್ರಜ್ಞೆಯ ಹಂತ ದಾಟಿದ ಹಾಗೆ. ತಲೆ ಆಡಿಸೋದು ಬರದಿದ್ದರೆ ಕಣ್ಣು ಮೇಲೆ ಹೌದು, ಕಣ್ಣು ಮುಚ್ಚಿದರೆ ಅಲ್ಲ ಅಂತ ಒಂದೇ ಪದ್ಧತಿ ಇಟ್ಟುಕೊಂಡು ಎಲ್ಲ ಶಿಫ್ಟಿನವರೂ ಅದನ್ನೇ ಬಳಸಬೇಕು. ಉರ್ದು, ತೆಲುಗು ಮನೆಮಾತಿನವರಿಗೆ ಕನ್ನಡದಲ್ಲಿ ಕೇಳಿ ‘ಉತ್ತರ ಇಲ್ಲ’ ಅಂತ ಬರೀಬೇಡಿ.

ನುಂಗೋದು: ಮೂಗಿನ ಟ್ಯೂಬು ನಾಲ್ಕಾರು ವಾರ ದಾಟುತ್ತೆ ಅಂತ ಕಂಡರೆ ಹೊಟ್ಟೆಗೆ ನೇರ ಊಟದ ಟ್ಯೂಬು (ಪೆಗ್) ಹಾಕಿಸಿಕೊಂಡು ಬರೋದು ಒಳ್ಳೇದು, ಗೊಂದಲದಲ್ಲಿರೋರು ಮೂಗಿನದ್ದನ್ನ ದಿನಕ್ಕೆರಡು ಸಲ ಕಿತ್ತು ಹಾಕ್ತಾರೆ. ರಾಗಿ ಗಂಜಿಯನ್ನ ತೆಳು ಬಟ್ಟೇಲಿ ಸೋಸದೆ ಟ್ಯೂಬಿಗೆ ಹಾಕಿದರೆ ಕಟ್ಟಿಕೊಳ್ಳುತ್ತೆ, ಹಾಕಿದ ಮೇಲೆ 30 ಎಂಎಲ್ ನೀರು ಬಿಡಿ, ಅರ್ಧ ಗಂಟೆಯಾದರೂ ತಲೆಭಾಗ ಎತ್ತರ ಇರಲಿ. ಕೆಮ್ಮಲಿಲ್ಲ ಅಂದ ಮಾತ್ರಕ್ಕೆ ಸರಿಯಾಗಿ ನುಂಗಿದರು ಅಂತಲ್ಲ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಹೋಗೋದೇ ಹೆಚ್ಚು ಅಪಾಯ. ಡಿಸ್ಚಾರ್ಜ್ ಆದ ಮೇಲೆ ಮಾತು, ನುಂಗೋದರ ಮುಂದುವರಿಕೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ, ಮೈಸೂರು ಮಂಡ್ಯದವರಿಗೆ ಅದೊಂದು ದೊಡ್ಡ ಅನುಕೂಲ. ಆದರೆ ಅದು ತಲೆಪೆಟ್ಟಿನ ಎಲ್ಲ ಬೇಡಿಕೆಗೂ ಇರೋ ವಾರ್ಡಲ್ಲ, ಅಲ್ಲಿಗೇ ಅಡ್ಮಿಷನ್ನಿಗೆ ಕಳಿಸಬೇಡಿ.

ಫಿಸಿಯೋ_ಮಂಡ್ಯ
ಮೇಡಂ, ಇನ್ನೊಂದು ಕಾರಣ ಚೀಟೀಲಿ ಬರುತ್ತೆ: ‘ಪೇಷಂಟ್ ಸಹಕರಿಸಲ್ಲ.’ ಒದೀತಾರೆ, ಬೈತಾರೆ, ಟ್ಯೂಬ್ ಕೀಳ್ತಾರೆ.

ನ್ಯೂರೋಸೈಕ್_ಎಂವೈಎಸ್
ಅದು ತಲೆಪೆಟ್ಟಿನ ಚೇತರಿಕೆಯ ಹಂತ ಹೇಳೋ ರ್‍ಯಾಂಚೋ ಮಾಪನದ ನಾಲ್ಕನೇ ಹಂತ. ಒಂದು ಸ್ಪಂದನೆಯೇ ಇಲ್ಲ, ಎರಡು ಮೂರು ಅರೆಬರೆ ಸ್ಪಂದನೆ, ನಾಲ್ಕು ಗೊಂದಲ ಮತ್ತು ಕೆರಳಿಕೆ, ಐದು ಆರು ಗೊಂದಲ ಇದೆ ಆದರೆ ಶಾಂತ, ಏಳು ಎಂಟು ಹತೋಟಿಗೆ ಬಂದದ್ದು. ನಾಲ್ಕು ಅಂದರೆ ಮೂರರಿಂದ ಮೇಲೆ ಬಂದಿದಾರೆ ಅಂತ. ಚೇತರಿಕೆಯ ಗುರುತನ್ನೇ ನಿರಾಕರಣೆಯ ಕಾರಣ ಮಾಡಿದರೆ ಹೇಗೆ?

ಕೆರಳಿದವರಿಗೆ ಹಾಲೊಪೆರಿಡಾಲ್, ಲೊರಾಜೆಪಾಮ್ ದಿನಾ ಹೊಡೆದು ಮಲಗಿಸಿದರೆ ಮರೆವಿನ ಅವಧಿ ಉದ್ದ ಆಗುತ್ತೆ. ಮೊದಲು ಹುಡುಕಬೇಕಾದ್ದು ನೋವು, ಮಲಬದ್ಧತೆ, ಮೂತ್ರ ತುಂಬಿಕೊಂಡಿರೋದು, ನಿದ್ದೆ ಇಲ್ಲದಿರೋದು, ಲೆವೆಟಿರಾಸೆಟಾಮ್ ಮಾತ್ರೆ. ಫಿಟ್ಸಿನ ಈ ಮಾತ್ರೆಯೇ ಕೆಲವರಲ್ಲಿ ಸಿಟ್ಟು ತರಿಸುತ್ತೆ. ಒಂದು ಹೊತ್ತಿಗೆ ಒಬ್ಬರೇ ಭೇಟಿಗೆ ಬನ್ನಿ, ಟಿವಿ ಆರಿಸಿ, ಕೈ ಕಟ್ಟೋ ಬದಲು ಟ್ಯೂಬನ್ನ ಬಟ್ಟೆ ಒಳಗೆ ಮರೆಮಾಡಿ. ಊರಿಂದ ಹದಿನೈದು ಜನ ಬಂದು ಸುತ್ತ ನಿಂತು ‘ನಾನ್ಯಾರು ಹೇಳು ನೋಡೋಣ’ ಅಂತ ಒಬ್ಬರಾದ ಮೇಲೊಬ್ಬರು ಕೇಳೋದಕ್ಕಿಂತ ಕೆಟ್ಟ ಚಿಕಿತ್ಸೆ ಇಲ್ಲ.

ಇದರ ಇನ್ನೊಂದು ತುದಿ: ಕೂರಿಸಿದರೆ ಕೂರ್ತಾರೆ, ಬಿಟ್ಟರೆ ಹಾಗೇ ಇರ್ತಾರೆ, ತಾವಾಗಿ ಏನೂ ಶುರು ಮಾಡಲ್ಲ. ಚೀಟೀಲಿ ‘ಉತ್ಸಾಹ ಇಲ್ಲ’ ಅಂತಿರುತ್ತೆ. ಮುಂಮೆದುಳಿನ ಪೆಟ್ಟು ಅದು, ಸೋಮಾರಿತನ ಅಲ್ಲ.

ಮತ್ತೆ ಯಾರೂ ಬರೆಯದ ಮೂರನೇ ಗುಂಪು: ಓಡಾಡ್ತಾರೆ, ಮಾತಾಡ್ತಾರೆ, ದಿನದ ಕೆಲಸ ಎಷ್ಟು ತಾವೇ ಮಾಡ್ಕೋತಾರೆ ಅಂತ ಅಳೆಯೋ ಫಿಮ್ ಮಾಪನದಲ್ಲಿ 126ಕ್ಕೆ 110 ದಾಟಿರುತ್ತೆ. ‘ತುಂಬಾ ಚೆನ್ನಾಗಿದಾರೆ’ ಅಂತ ಬೆಡ್ ಸಿಗಲ್ಲ. ಫಿಮ್‌ನ 18 ಅಂಶದಲ್ಲಿ 13 ದೇಹದ ಕೆಲಸ, 5 ಮಾತ್ರ ಬುದ್ಧಿಯದ್ದು, ಅದಕ್ಕೇ ಇವರು ಜರಡಿಯಿಂದ ಜಾರಿಹೋಗ್ತಾರೆ. ಗ್ಯಾಸ್ ಹಚ್ಚಿ ಮರೀತಾರೆ, ಅಂಗಡಿಯ ಲೆಕ್ಕ ತಪ್ಪುತ್ತೆ, ಹೆಂಡತಿ ಮೇಲೆ ಕೈ ಎತ್ತುತಾರೆ. ಇವರಿಗೆ ಬೆಡ್ ಬೇಕು ಅಂತ ನಾನು ಹೇಳಲ್ಲ. ಹಗಲು ಹೊತ್ತಿನ ಥೆರಪಿ, ಮನೆಯವರಿಗೆ ತರಬೇತಿ ಬೇಕು. ಆದರೆ ‘ರಿಹ್ಯಾಬ್ ಬೇಕಿಲ್ಲ’ ಅಂತ ಬರೆಯೋದು ಸುಳ್ಳು.

ವಾರ್ಡ್_ಸಿಸ್ಟರ್
ಒಪ್ಪಿದೆ ಮೇಡಂ, ಆದರೆ ನಾಲ್ಕನೇ ಹಂತದವರನ್ನ ತಗೊಂಡರೆ ರಾತ್ರಿ ಪಾಳಿಯಲ್ಲಿ ಒಬ್ಬರು ಅವರ ಪಕ್ಕದಲ್ಲೇ ಇರಬೇಕು. ನೆಲದ ಮೇಲೆ ಹಾಸಿಗೆ ಹಾಕೋ ಜಾಗ ಇಲ್ಲದ ವಾರ್ಡು ತಗೋಬಾರದು. ಆಗಲ್ಲ ಅನ್ನೋದನ್ನ ನೇರ ‘ನಮ್ಮಲ್ಲಿ ಸಿಬ್ಬಂದಿ ಇಲ್ಲ’ ಅಂತ ಬರೀಲಿ, ಪೇಷಂಟಿನ ತಲೆ ಮೇಲೆ ಹಾಕಬೇಡಿ.

ಕಾವೇರಿ_ದಂಡೆ
ತಲೆಬುರುಡೆ ಮೂಳೆ ತೆಗೆದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿರ್ತಾರಲ್ಲ, ಅದು ವಾಪಸ್ ಕೂರಿಸೋವರೆಗೂ ಕಾಯಬೇಕಾ?

ನ್ಯೂರೋ_ಪಿಜಿ
ಬೇಡ. ಹೆಲ್ಮೆಟ್ ಹಾಕಿ ಕೂರಿಸಿ ನಿಲ್ಲಿಸಿ ಮಾಡಬಹುದು, ಆ ಪಕ್ಕಕ್ಕೆ ಮಲಗಿಸಬಾರದು ಅಷ್ಟೇ. ಆದರೆ ಎರಡು ಗುರುತು ಕಣ್ಣಲ್ಲಿಡಿ. ಮೂಳೆ ಇಲ್ಲದ ಜಾಗ ಗುಂಡಿ ಬಿದ್ದು, ಕೂರಿಸಿದಾಗ ಮಂಕಾಗಿ ಮಲಗಿಸಿದಾಗ ಸರಿಯಾದರೆ ಮೂಳೆ ಕೂರಿಸೋದನ್ನ ಬೇಗ ಮಾಡಿಸಬೇಕು. ಉಬ್ಬಿ ಗಟ್ಟಿಯಾಗಿದ್ದರೆ, ಅಥವಾ ಎರಡು ವಾರ ಚೆನ್ನಾಗಿ ಬಂದವರು ನಿಂತಲ್ಲೇ ನಿಂತು ಹಿಂದಕ್ಕೆ ಹೋದರೆ, ತಲೇಲಿ ನೀರು ತುಂಬಿದೆಯಾ ಅಂತ ಸಿಟಿ ಮಾಡಿಸಿ. ಶಂಟ್ (ಆ ನೀರು ಹರಿದುಹೋಗೋ ಕೊಳವೆ) ಹಾಕಿದ ಮೇಲೆ ಅದೇ ಪೇಷಂಟು ಆಯ್ಕೆಗೆ ಅರ್ಹರಾಗಬಹುದು.

ಸಮಾಜಸೇವೆ_ಡೆಸ್ಕ್
ಯಾರೂ ಬಾಯಿಬಿಟ್ಟು ಹೇಳದ ಅಳತೆ: ಮುಂದೆ ಇವರನ್ನ ಮನೆಗೆ ಕರ್ಕೊಂಡು ಹೋಗೋರು ಯಾರು? ರಿಹ್ಯಾಬ್ ಬೆಡ್ಡಿಗೆ ಮುಗಿಯೋ ದಿನ ಇರುತ್ತೆ. ಆ ದಿನ ಕೈಚಾಚೋರು ಇಲ್ಲದಿದ್ದರೆ ಬೆಡ್ ತಿಂಗಳುಗಟ್ಟಲೆ ಅಡ್ಡ ಬೀಳುತ್ತೆ, ಆದ್ದರಿಂದಲೇ ಒಂಟಿಯಾಗಿರೋರನ್ನ ಮೊದಲೇ ಬಿಟ್ಟುಬಿಡ್ತಾರೆ. ಇದು ನ್ಯಾಯ ಅಲ್ಲ, ಆದರೆ ನಡೆಯೋದು ಹೀಗೇ. ಕಡೆಯವರು ಮೊದಲ ಭೇಟಿಯಲ್ಲೇ ಇಬ್ಬರ ಹೆಸರು ಕೊಡಲಿ. ಒಬ್ಬರು ಸಾಲದು, ಕಬ್ಬು ಕಟಾವಿನ ಟೈಮಲ್ಲಿ ಒಬ್ಬರೂ ಸಿಗಲ್ಲ. ಮನೆ ಬಾಗಿಲ ಅಗಲ, ಹೊಸ್ತಿಲ ಎತ್ತರ, ಕಕ್ಕಸು ಹಿತ್ತಲಲ್ಲಿದೆಯಾ ಒಳಗಿದೆಯಾ ಫೋಟೋ ತರಲಿ. ಗುರಿ ನಿಲ್ಲೋದು ಅದರ ಮೇಲೆ.

ದುಡ್ಡು: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ಮಿತಿ 1.5 ಲಕ್ಷ. ವಾರಗಟ್ಟಲೆ ಥೆರಪಿಗೂ ಅದು ಬರುತ್ತೆ ಅಂತ ನಂಬಿ ಕೂರಬೇಡಿ, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡೋ ಆರೋಗ್ಯಮಿತ್ರರ ಹತ್ತಿರ ಪ್ಯಾಕೇಜ್ ಹೆಸರು ಹೇಳಿಸಿಕೊಳ್ಳಿ. ರಸ್ತೆ ಅಪಘಾತದವರಿಗೆ 2025ರಲ್ಲಿ ಬಂದ ಕೇಂದ್ರದ ನಗದುರಹಿತ ಯೋಜನೆ 1.5 ಲಕ್ಷದವರೆಗೆ, ಆದರೆ ಮೊದಲ 7 ದಿನಕ್ಕೆ ಮಾತ್ರ. ರಿಹ್ಯಾಬ್ ಶುರುವಾಗೋ ಹೊತ್ತಿಗೆ ಅದು ಮುಗಿದಿರುತ್ತೆ. ಅಪಘಾತ ಪರಿಹಾರದ ಕೇಸಿಗೆ ಥೆರಪಿ ಬಿಲ್ಲು, ನೋಡಿಕೊಳ್ಳೋರಿಗೆ ಕೊಟ್ಟ ಕೂಲಿಯ ರಸೀದಿ, ವೀಲ್‌ಚೇರ್ ಬಿಲ್ಲು ಎಲ್ಲ ಫೈಲಲ್ಲಿರಲಿ. 2016ರ ಅಂಗವಿಕಲರ ಕಾಯ್ದೆಯ 21 ಬಗೆಯಲ್ಲಿ ‘ತಲೆಪೆಟ್ಟು’ ಅಂತ ಪ್ರತ್ಯೇಕ ಇಲ್ಲ. ಉಳಿದ ತೊಂದರೆ ಯಾವುದೋ ಅದರಡಿ, ಚಲನೆ ಅಥವಾ ಮಾತು ಭಾಷೆ ಅಂತ, ಯುಡಿಐಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಬೇಕು.

ಪಿಎಂಆರ್_ಮೈಸೂರು
ರೆಫರಲ್ ಚೀಟಿ ಬರೆಯೋರಿಗೆ. ರೋಗದ ಹೆಸರು ನಮಗೆ ಡಿಸ್ಚಾರ್ಜ್ ಸಮ್ಮರೀಲೇ ಸಿಗುತ್ತೆ. ಬೇಕಿರೋದು ಹೋದ ವಾರಕ್ಕೂ ಈ ವಾರಕ್ಕೂ ಏನು ವ್ಯತ್ಯಾಸ ಅನ್ನೋದು. ‘7 ದಿನದ ಹಿಂದೆ ಇಬ್ಬರು ಹಿಡಿದರೂ ಕೂರ್ತಿರಲಿಲ್ಲ, ಈಗ ಒಬ್ಬರ ಆಸರೆಯಲ್ಲಿ ಹಾಸಿಗೆ ಅಂಚಲ್ಲಿ 10 ನಿಮಿಷ’: ಈ ಒಂದು ಸಾಲು ಎಂಆರ್‌ಐ ರಿಪೋರ್ಟಿಗಿಂತ ಹೆಚ್ಚು ಕೆಲಸ ಮಾಡುತ್ತೆ. ಜೊತೆಗೆ ಪೆಟ್ಟಿಗೆ ಮುಂಚೆ ಏನು ಕೆಲಸ, ಕುಡಿತ ಇತ್ತಾ, ಓದು ಎಷ್ಟು; ಈಗಿನ ಔಷಧ ಡೋಸ್ ಸಮೇತ; ಮೊಣಕೈ, ಸೊಂಟ ಬಿಗಿದಿದೆಯಾ. ಸೊಂಟ ದಿಢೀರಂತ ಬಿಗಿದು ಊದಿ ಬಿಸಿಯಾಗಿದ್ದರೆ ಕೀಲಿನ ಸುತ್ತ ಮೂಳೆ ಬೆಳೀತಿರಬಹುದು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿರಲೂಬಹುದು. ಅದನ್ನ ನೋಡದೆ ಎಳೆದಾಡಬೇಡಿ.

ಅನುಮಾನ ಇದ್ದಾಗ ಎರಡು ವಾರದ ಪ್ರಯೋಗದ ಅಡ್ಮಿಷನ್ ಕೇಳಿ. ಎರಡು ಮೂರು ಗುರಿ ಮೊದಲೇ ಬರೆದಿಟ್ಟುಕೊಂಡು: ಕತ್ತಿನ ಟ್ಯೂಬಿನ ಕಫ್ (ಗಾಳಿ ತುಂಬೋ ಪುಟ್ಟ ಚೀಲ) ಹಗಲಿಡೀ ಇಳಿಸಿರೋದು, ಒಬ್ಬರ ಆಸರೆಯಲ್ಲಿ ಬೆಡ್ಡಿಂದ ಚೇರಿಗೆ, ಹೌದು ಅಲ್ಲ ಖಚಿತ ಆಗೋದು. ಬಂದರೆ ಮುಂದುವರಿಕೆ. ಬರದಿದ್ದರೆ ಆ ಎರಡು ವಾರದಲ್ಲಿ ಮನೆಯವರು ಮಗ್ಗುಲು ಬದಲಿಸೋದು, ಟ್ಯೂಬ್ ಊಟ, ಸಕ್ಷನ್ ಕಲಿತು ಹೋಗಲಿ. ಮೈಸೂರಲ್ಲಿ ಆಗದಿದ್ದರೆ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗಕ್ಕೋ ವೆಲ್ಲೂರು ಸಿಎಂಸಿಗೋ ಇದೇ ಕಾಗದ ಕಳಿಸಬಹುದು.

ಬೇಡ ಅಂದರೆ ಒಂದೇ ಪ್ರಶ್ನೆ ಕೇಳಿ: ಈಗ ಬೇಡವೋ, ಯಾವತ್ತೂ ಬೇಡವೋ? ಹುಣ್ಣು, ಸೋಡಿಯಂ, ಸೋಂಕು, ಔಷಧದ ಮಂಪರು, ತಲೇಲಿ ನೀರು ಇವೆಲ್ಲ ‘ಈಗ ಬೇಡ’. ಕಾರಣ ಮತ್ತು ಮರುಪರೀಕ್ಷೆಯ ತಾರೀಕು ಚೀಟೀಲಿ ಬರೆಸಿಕೊಳ್ಳಿ.

ಫಿಸಿಯೋ_ಮಂಡ್ಯ
ಮರುಪರೀಕ್ಷೆಗೆ ಆಂಬುಲೆನ್ಸಲ್ಲಿ ಮೈಸೂರಿಗೆ ಕರೆತರೋಕೆ ಮುಂಚೆ ವೀಡಿಯೋ ಕಳಿಸಿದರೆ ನೋಡ್ತಾರಾ?

ವಾರ್ಡ್_ಸಿಸ್ಟರ್
ನೋಡ್ತಾರೆ, ಸರಿಯಾಗಿ ತೆಗೆದಿದ್ದರೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಎರಡೆರಡು ನಿಮಿಷದ್ದು, ಕತ್ತರಿಸದೆ. ನಿದ್ದೆ ಮಾತ್ರೆಗೆ ಮುಂಚೆ. ಮುಖ, ಎರಡೂ ಕೈ ಫ್ರೇಮಲ್ಲಿರಲಿ, ಕೂರಿಸಿ ತೆಗೀರಿ. ಒಬ್ಬರೇ ಮಾತಾಡಿ, ಒಂದು ಮಾತು ಹೇಳಿ ಮನಸ್ಸಲ್ಲೇ ಹತ್ತು ಎಣಿಸಿ, ಆಮೇಲೆ ಇನ್ನೊಂದು. ಕೈ ಮುಟ್ಟದೆ ಹೇಳಿ. ಹಾಡು ಸೇರಿಸಿ ಸ್ಟೇಟಸ್ಸಿಗೆ ಹಾಕಿದ ವೀಡಿಯೋ ಕಳಿಸಬೇಡಿ, ಅದರಲ್ಲಿ ಏನೂ ಗೊತ್ತಾಗಲ್ಲ.